ರೈಟ್ ಅಂದರೆ ಬಲಕ್ಕಲ್ಲ

ಗೈದರ್ಸ್‌ಬರ್ಗ್

ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನು ನಾನು. ಎರಡು ಕಡೆಯಿಂದ ಖಚಿತವಾಗದ್ದನ್ನು ಬರೆಯಬಾರದೆಂಬ ಅಭ್ಯಾಸ ರಜೆಯಲ್ಲೂ ಬಿಡುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. 2006ರ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋದಾಗ ವಾಷಿಂಗ್ಟನ್ನಿನ ಬಿಳಿಯ ಕಟ್ಟಡಗಳನ್ನೆಲ್ಲ ನೋಡಿದೆ. ಅವು ಪೋಸ್ಟ್‌ಕಾರ್ಡಿನಲ್ಲಿ ಹೇಗಿವೆಯೋ ಹಾಗೆಯೇ ಇವೆ. ಸೇರಿಸಲು ನನ್ನಲ್ಲಿ ಏನೂ ಇಲ್ಲ. ಇಲ್ಲಿ ಬರೆಯುತ್ತಿರುವುದು ಒಂದು ತಗಡಿನ ಡಬ್ಬಿಯನ್ನು ಮೇರಿಲ್ಯಾಂಡಿನಿಂದ ಜಾರ್ಜಿಯಾದವರೆಗೆ ಎಳೆದುಕೊಂಡು ಹೋದದ್ದರ ಬಗ್ಗೆ.

ಡಬ್ಬಿ ನನ್ನ ಭಾವ ಜಯರಾಮರದ್ದು. ಅಮೆರಿಕದವರು ಅದನ್ನು ಕ್ಯಾಂಪಿಂಗ್ ಟ್ರೇಲರ್ ಎನ್ನುತ್ತಾರೆ. ಪಿಕಪ್ ವಾಹನದ ಹಿಂದೆ ಸಿಕ್ಕಿಸಿಕೊಂಡು ಹೋಗುವ ಪುಟ್ಟ ಮನೆ. ಭಾವನದ್ದು ಭಾವನಿಗಿಂತ ಎರಡು ವರ್ಷ ದೊಡ್ಡದು. ಮೇಲರ್ಧ ಬಿಳಿ, ಕೆಳಗರ್ಧ ಸೌತೆಕಾಯಿ ಹಸಿರು. ಒಳಗೆ ಎರಡು ಒಲೆ, ಒಂದು ಬಚ್ಚಲುಗುಂಡಿಯಷ್ಟು ಸಿಂಕು, ಮಡಚಿದರೆ ಹಾಸಿಗೆಯಾಗುವ ಮೇಜು. ಭಾವ ಗೈದರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ಕೂದಲೆಳೆಯ ಸಾವಿರದಲ್ಲೊಂದು ಭಾಗವನ್ನು ಅಳೆಯುವ ಕೆಲಸ ಮಾಡುತ್ತಾರೆ. ಡಬ್ಬಿ ಎಷ್ಟು ಉದ್ದ ಎಂದು ಕೇಳಿದಾಗ ಮಾತ್ರ, "ಹದಿನೈದು ಅಡಿ ಇರ್ಬಹುದು. ಬಾಲ ಸೇರಿಸಿದ್ರೆ ಹೆಚ್ಚು" ಎಂದರು.

ಅವರ ತಂದೆ ಪುತ್ತೂರು ಕಡೆ ಲೋಕೋಪಯೋಗಿ ಇಲಾಖೆಯಲ್ಲಿ ರೋಡ್ ರೋಲರ್ ಓಡಿಸುತ್ತಿದ್ದರು. ಆ ಕಾಲದಲ್ಲಿ ರೋಲರಿನ ಹಿಂದೆ ಕಬ್ಬಿಣದ ಚಕ್ರದ ಒಂದು ಡಬ್ಬಿಮನೆ ಇರುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಡಾಂಬರು ಎಲ್ಲಿಯವರೆಗೋ ಮನೆ ಅಲ್ಲಿಯವರೆಗೆ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಭಾವ ಅದರೊಳಗೆ. ಮುಂದೆ ಅಮೆರಿಕದಲ್ಲಿ ಮೊದಲ ಬಾರಿ ಟ್ರೇಲರ್ ನೋಡಿದಾಗ, "ಇವರಲ್ಲಿಯೂ ಉಂಟಲ್ಲ!" ಎಂದು ರಸ್ತೆಯಲ್ಲೇ ಕೂಗಿದರಂತೆ. ಇದಕ್ಕೆ ಎರಡು ಮೂಲಗಳಿವೆ: ಭಾವ, ಮತ್ತು ಪಕ್ಕದಲ್ಲಿ ನಿಂತು ನಾಚಿಕೊಂಡ ನನ್ನ ಅಕ್ಕ ಶೈಲಾ.

ಈ ಡಬ್ಬಿಗೆ ಈಗ ಕುತ್ತು ಬಂದಿತ್ತು. ಬಡಾವಣೆಯ ಸಂಘದಿಂದ ಮೂರು ಪತ್ರ ಬಂದಿದ್ದವು. ಮನೆಯ ಮುಂದೆ ಟ್ರೇಲರ್ ನಿಲ್ಲಿಸಿದರೆ ಬಡಾವಣೆಯ ಅಂದ ಕೆಡುತ್ತದೆಂದು ದೂರು. ಸಂಘದ ಹೂದೋಟ ಉಪಸಮಿತಿಯ ಕಾರ್ಯದರ್ಶಿ ಅಕ್ಕನೇ. ಮೂರನೆಯ ಪತ್ರದ ಲಕೋಟೆಗೆ ಸ್ಟಾಂಪು ಅಂಟಿಸಿದವಳೂ ಅವಳೇ. ಅಂಟಿಸಿ ಮನೆಗೆ ಬಂದು, ಅಟ್ಲಾಂಟಾದ ಹೊರಗಿನ ಒಬ್ಬ ಅಂಗಡಿಯವನಿಗೆ ಫೋನು ಮಾಡಿ, ಡಬ್ಬಿ ಕೊಡುತ್ತೇವೆಂದು ಮಾತು ಕೊಟ್ಟಳು.

ಭಾವ ವಾದಿಸಲಿಲ್ಲ. "ನಾನೇ ಎಳ್ಕೊಂಡು ಹೋಗಿ ಬಿಟ್ಟು ಬರ್ತೇನೆ" ಎಂದರು.

"ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಮಾಡ್ಬೇಡಿ" ಎಂದಳು ಅಕ್ಕ.

"ಮಗಳಾದ್ರೆ ಹಬ್ಬಕ್ಕಾದ್ರೂ ಬರ್ತಿದ್ಳು."

ನಿಜವಾದ ಮಗಳು ನಿಧಿ ಅಲ್ಲೇ ಕೂತು ಹಾಲು ಹಾಕಿದ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಳು. ಹದಿನೇಳು ವರ್ಷ, ಹೊಸ ಲೈಸೆನ್ಸು. "ಗೈಸ್, ನಾನು ಇಲ್ಲೇ ಇದೀನಿ" ಎಂದಳು. ಕೊನೆಗೆ ಡಬ್ಬಿಯ ಜೊತೆ ನಾವು ನಾಲ್ವರೂ ಹೊರಟೆವು.

ವರ್ಜೀನಿಯಾದ ಒಂದು ಕ್ಯಾಂಪ್‌ಗ್ರೌಂಡ್

ಕ್ಯಾಂಪ್‌ಗ್ರೌಂಡ್ ಎಂದರೆ, ಮನೆ ಬಿಟ್ಟು ಬರಬೇಕೆಂದು ಹೊರಟವರು ಮನೆಯನ್ನೂ ತಂದಿರುವ ಮೈದಾನ. ಕಾಡಿನ ನಡುವೆ ಸಾಲಾಗಿ ಟ್ರೇಲರುಗಳು. ಅವುಗಳ ಮುಂದೆ ಚಾಪೆ, ಕುರ್ಚಿ, ದೀಪದ ಮಾಲೆ, ಪ್ಲಾಸ್ಟಿಕ್ಕಿನ ಗುಲಾಬಿ ಕೊಕ್ಕರೆ. ಊರಿನಲ್ಲಿ ಪಕ್ಕದ ಮನೆಯವನ ಹೆಸರು ತಿಳಿಯದ ಅಮೆರಿಕದವರು ಇಲ್ಲಿ ಎಲ್ಲರಿಗೂ ಕೈ ಎತ್ತುತ್ತಾರೆ. ಕೈ ಎತ್ತಿದವರೆಲ್ಲ ನಮ್ಮ ಡಬ್ಬಿಯನ್ನು ನೋಡಲು ಬಂದರು. ಹಳೆಯದನ್ನು ಕಂಡರೆ ಅವರಿಗೆ ವಿಚಿತ್ರ ಭಕ್ತಿ. ನಮ್ಮಲ್ಲಾದರೆ "ಇದನ್ನಿನ್ನೂ ಗುಜರಿಗೆ ಹಾಕಿಲ್ವಾ?" ಎಂದು ಕೇಳುತ್ತಿದ್ದರು. ಅಕ್ಕನೂ ಹಾಗೆಯೇ ಕೇಳುತ್ತಿದ್ದಳು.

ಟ್ರೇಲರನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಒಂದು ವಿದ್ಯೆ. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. "ನಿನ್ನ ಅಕ್ಕನ ಹಾಗೆ" ಎಂದರು ಭಾವ. ಅಕ್ಕ ಕೇಳಿಸಿಕೊಂಡಳು.

"ಡ್ಯಾಡ್, ನಾನ್ ಟ್ರೈ ಮಾಡ್ಲಾ?" ಎಂದಳು ನಿಧಿ. ಜಾಗ ವಿಶಾಲವಾಗಿತ್ತು. ಭಾವ ಪಕ್ಕದ ಸೀಟಿಗೆ ಸರಿದರು. ನನ್ನನ್ನು ಹಿಂದೆ ನಿಲ್ಲಿಸಿದರು.

ನಾನು ದಕ್ಷಿಣ ಕನ್ನಡದ ಬಸ್ಸುಗಳಲ್ಲಿ ಬೆಳೆದವನು. ವಾಹನದ ಹಿಂದೆ ನಿಂತರೆ ನನ್ನ ಬಾಯಲ್ಲಿ ಬರುವುದು ಎರಡೇ ಮಾತು. ತಗಡಿಗೆ ಎರಡು ಸಲ ಬಡಿದು, "ರೈಟ್! ರೈಟ್! ಬರ್ಲಿ, ರೈಟ್!" ಎಂದೆ.

ಡಬ್ಬಿ ಎಡಕ್ಕೆ ಹೊರಳಿತು. ಅಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಮರದ ಮೇಜಿನ ಮುಂದೆ ಕೂತು ಜೋಳದ ತೆನೆ ತಿನ್ನುತ್ತಿದ್ದರು. ಇನ್ನಷ್ಟು ಸ್ಪಷ್ಟವಾಗಲೆಂದು ನಾನು ಜೋರಾಗಿ "ರೈಟ್" ಎಂದೆ. ಡಬ್ಬಿ ಇನ್ನಷ್ಟು ಎಡಕ್ಕೆ ಬಂತು. ಆಗ ಎರಡನೆಯ ಮಾತು ಬಂತು: "ಹೋಲ್ಡಾನ್! ಹೋಲ್ಡಾನ್!"

ವರದಿಗಾರನಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ. ಗಾಡಿ ನಿಲ್ಲಲಿಲ್ಲ. ನಿಧಿ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜ ಎರಡೂ ಕೈಗಳಿಂದ ಮೇಜನ್ನು ಹಿಡಿದುಕೊಂಡ. ಅಜ್ಜಿ ಅಜ್ಜನನ್ನು ಹಿಡಿದುಕೊಂಡಳು. ಡಬ್ಬಿಯ ಹಿಂಬದಿ ಮೇಜಿಗೆ ಮೆಲ್ಲಗೆ ತಾಗಿ, ಮೇಜು, ಅಜ್ಜ, ಅಜ್ಜಿ ಮತ್ತು ಜೋಳ ಒಟ್ಟಾಗಿ ಒಂದು ಗೇಣು ಹಿಂದೆ ಸರಿದರು. ಅಷ್ಟರಲ್ಲಿ ಭಾವ ಹ್ಯಾಂಡ್‌ಬ್ರೇಕ್ ಎಳೆದರು.

ಅಜ್ಜ ಸಿಟ್ಟಾಗಲಿಲ್ಲ. "ಹಿಡ್ಕೊಳ್ಳಿ ಅಂದ್ರಿ, ಹಿಡ್ಕೊಂಡೆವು" ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ. ಮುನ್ಸೂಚನೆ ಕೊಟ್ಟದ್ದಕ್ಕೆ ನನಗೆ ಧನ್ಯವಾದವನ್ನೂ ಹೇಳಿದ.

ನಿಧಿ ಮಾತ್ರ ಕುದಿಯುತ್ತಿದ್ದಳು. "ಮಾಮ, ನೀವು ರೈಟ್ ಅಂದ್ರಿ, ಸೋ ನಾನು ರೈಟ್ ಹೋದೆ!"

"ರೈಟ್ ಅಂದ್ರೆ ಬಲಕ್ಕೆ ಅಲ್ಲ ಮಗಾ. ಬರ್ಲಿ, ಹೋಗ್ಲಿ, ದಾರಿ ಉಂಟು ಅಂತ."

"ಹೋಗ್ಲಿನೂ ರೈಟ್, ಬರ್ಲಿನೂ ರೈಟ್?"

"ಹೌದು."

"ದೆನ್ ಬಲಕ್ಕೆ ಏನಂತಾರೆ?"

"ಅದಕ್ಕೂ ರೈಟ್ ಅಂತಾರೆ."

"ಮತ್ತೆ ಹೋಲ್ಡಾನ್?"

"ನಿಲ್ಸು ಅಂತ."

"ಓ ಮೈ ಗಾಡ್. ನೀವೆಲ್ಲ ಹೇಗೆ ಇನ್ನೂ ಬದುಕಿದೀರಾ?"

ಅಕ್ಕ ಅಜ್ಜಿಗೆ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಕೊಟ್ಟು ಕ್ಷಮೆ ಕೇಳಿದಳು. ಬಂದವಳೇ ತೀರ್ಪು ಕೊಟ್ಟಳು: ಇನ್ನು ಮುಂದೆ ಡಬ್ಬಿಯ ಹಿಂದೆ ನಿಂತವರು "ಬ್ಯಾಕ್" ಮತ್ತು "ಸ್ಟಾಪ್" ಎಂದು ಮಾತ್ರ ಹೇಳತಕ್ಕದ್ದು. "ನಾನು ಹತ್ತೊಂಬತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಒಂದು ಸಲವಾದ್ರೂ ಹೀಗೆ ಹೇಳಿದ್ದೇನಾ?" ಎಂದು ಕೇಳಿದಳು. ಹೇಳಿಲ್ಲವೆಂದು ಭಾವನೂ ಒಪ್ಪಿದರು. ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮುಂದೆ ಬೇಕಾಯಿತು.

ಡರ್ಹಮ್

ಡರ್ಹಮ್ಮಿನಲ್ಲಿ ನಮ್ಮನ್ನು ಕಾಯುತ್ತಿದ್ದವರು ಜೋಯ್ಸನ್. ಭಾವನ ಕಾಲೇಜು ಗೆಳೆಯ, ಆಸ್ಪತ್ರೆಯೊಂದರಲ್ಲಿ ಕೆಲಸ. ಊರು ಬಿಟ್ಟು ಎಷ್ಟೋ ವರ್ಷವಾದರೂ ಅವರ ಮನೆಯಲ್ಲಿ ಕೊಂಕಣಿ, ತುಳು, ಕನ್ನಡ, ಇಂಗ್ಲಿಷು ಒಂದೇ ತಟ್ಟೆಯಲ್ಲಿ ಬಡಿಸಿದ ಹಾಗೆ ಬರುತ್ತವೆ. ಮನೆಯ ಹಿಂದೆ ಎರಡೆಕರೆ ಪೈನ್ ಮರದ ಕಾಡು. ಹಿಂದಿನ ದಿನ ಮಳೆ ಬಂದಿತ್ತು. ಡಬ್ಬಿಯನ್ನು ಹಿತ್ತಲಿಗೆ ತಂದು ನಿಲ್ಲಿಸಿದೆವು. ಬೆಳಗ್ಗೆ ಎದ್ದು ನೋಡಿದರೆ ಚಕ್ರ ಅರ್ಧ ಮಣ್ಣಿನೊಳಗೆ.

ಎಳೆದೆವು. ನೂಕಿದೆವು. ಚಕ್ರದ ಕೆಳಗೆ ಹಲಗೆ, ಗೋಣಿ, ಜೋಯ್ಸನ್ನರ ಹಳೆಯ ಯೋಗ ಚಾಪೆ ಇಟ್ಟೆವು. ಚಾಪೆ ಹಿಂದಕ್ಕೆ ಹಾರಿ ಬೇಲಿ ದಾಟಿತು. ಡಬ್ಬಿ ಅಲ್ಲಾಡಲಿಲ್ಲ.

"ಎಲ್ಲಿಗೆ ಹೋಗ್ತಿದ್ದೇನೆ ಅಂತ ಅದಕ್ಕೂ ಗೊತ್ತಾಗಿದೆ" ಎಂದರು ಭಾವ.

"ಅದಕ್ಕೇನೂ ಗೊತ್ತಾಗ್ಲಿಲ್ಲ. ಕೆಸರು ಅಷ್ಟೇ" ಎಂದಳು ಅಕ್ಕ.

ಜೋಯ್ಸನ್ ಕೈ ಒರೆಸಿಕೊಂಡು ಹೇಳಿದರು: "ಶೈಲಕ್ಕ, ಇಲ್ಲೇ ಇರ್ಲಿ ಮಾರಾಯ್ರೆ. ಇಲ್ಲಿ ಸಂಘವೂ ಇಲ್ಲ, ಗಿಂಘವೂ ಇಲ್ಲ. ನಿಮಗೆ ಬೇಕಾದಾಗ ಬಂದು ಎಳ್ಕೊಂಡು ಹೋಗಿ. ಇಲ್ಲದಾಗ ನಾನು ಹೆಂಡತಿ ಹತ್ರ ಜಗಳಾಡಿ ಬಂದು ಮಲಗ್ತೇನೆ."

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಕೆಸರಿನ ಚಪ್ಪಲಿಯನ್ನು ಹುಲ್ಲಿಗೆ ಒರೆಸಿದಳು.

"ಆ ಜನಕ್ಕೆ ಮಾತು ಕೊಟ್ಟಾಗಿದೆ. ಅವನು ಅಲ್ಲಿ ಜಾಗ ಮಾಡಿ ಕಾಯ್ತಿದ್ದಾನೆ. ಈಗ ಇಲ್ಲ ಅಂದ್ರೆ ಇಂಡಿಯಾದವರು ಹೀಗೇ ಅಂತ ಹೇಳುದಿಲ್ವಾ?"

ನಮ್ಮ ಅಕ್ಕ ಚಿಕ್ಕಂದಿನಿಂದಲೂ ಹೀಗೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ. ತಪ್ಪಬೇಕೆನ್ನಿಸಿದರೂ ತಪ್ಪುವ ಬಗೆ ಅವಳಿಗೆ ತಿಳಿಯದು. ಮಧ್ಯಾಹ್ನ ಬಿಸಿಲು ಬಂತು, ಮಣ್ಣು ಗಟ್ಟಿಯಾಯಿತು, ಡಬ್ಬಿ ಒಂದೇ ಎಳೆತಕ್ಕೆ ಎದ್ದು ಬಂತು. ಭಾವನ ಮುಖದಲ್ಲಿ ಡಬ್ಬಿ ಮೋಸ ಮಾಡಿದ ಭಾವವಿತ್ತು.

ಬ್ಯಾಲಂಟೈನ್

ಶಾರ್ಲೆಟ್ಟಿನ ಬ್ಯಾಲಂಟೈನಿನಲ್ಲಿ ಇದ್ದವರು ಮೈಸೂರಿನ ಪ್ರಸನ್ನ, ರೂಪಾ. ಅಕ್ಕನ ಹಳೆಯ ನೆರೆಯವರು, ಈಗ ಬ್ಯಾಂಕಿನ ಕಂಪ್ಯೂಟರ್ ಕೆಲಸ. ಮನೆ ಎಷ್ಟು ದೊಡ್ಡದೆಂದರೆ, ಬಚ್ಚಲಿಗೆ ಹೋದ ನಾನು ಹಾಲಿಗೆ ವಾಪಸು ಬರುವ ದಾರಿ ಕಾಣದೆ ಗ್ಯಾರೇಜಿನಲ್ಲಿ ಹೊರಬಿದ್ದೆ. ಬಡಾವಣೆಯ ಬಾಗಿಲಲ್ಲಿದ್ದ ಕಾವಲುಗಾರ ಡಬ್ಬಿಯನ್ನು ಒಳಗೆ ಬಿಡಲಿಲ್ಲ. ಕ್ಲಬ್ಬಿನ ಪಾರ್ಕಿಂಗಿನಲ್ಲಿ ಎರಡು ಗಂಟೆ ಮಾತ್ರ ಎಂದ.

"ಎರಡು ಗಂಟೆ ಸಾಕು, ನೋಡ್ಕೊಂಡ್ ಬಂದ್ಬಿಡೋಣ" ಎಂದು ಹೊರಟ ಪ್ರಸನ್ನನ ಹಿಂದೆ ನಾಲ್ಕು ಮನೆಯವರು ಬಂದರು. ಮಕ್ಕಳು ಮೇಲಿನ ಅಟ್ಟದ ಹಾಸಿಗೆ ಹತ್ತಿದರು. ಅಕ್ಕ, ಒಲೆ ಕೆಲಸ ಮಾಡುತ್ತದೆಯೇ ಎಂದು ತೋರಿಸಲು ಹಚ್ಚಿದವಳು, ಹಚ್ಚಿದ ಮೇಲೆ ಸುಮ್ಮನಿರಬಾರದೆಂದು ಕಾಫಿ ಮಾಡಿದಳು. ಕಾಫಿಯ ಹಿಂದೆ ಗೋಳಿಬಜೆ ಬಂತು. ಹದಿನೈದು ಅಡಿಯ ಡಬ್ಬಿಯೊಳಗೆ ಹದಿನಾಲ್ಕು ಜನ. ನಾನು ಎಣಿಸಿದ್ದೇನೆ, ಒಬ್ಬನ ಮೊಣಕೈ ನನ್ನ ಕಿವಿಯಲ್ಲಿತ್ತು, ಅವನನ್ನೂ ಸೇರಿಸಿ.

"ಶೈಲಾ ಆಂಟಿ, ನಮ್ಮನೇಲಿ ಆರು ಬರ್ನರ್ ಇದೆ. ಆದ್ರೂ ನಮ್ಮನೇ ಕಾಫಿ ಯಾಕೆ ಹಿಂಗ್ ಬರಲ್ಲ?" ಎಂದಳು ರೂಪಾ.

"ದೊಡ್ಡ ಅಡಿಗೆಮನೆಯಲ್ಲಿ ಪರಿಮಳ ಕಳೆದು ಹೋಗ್ತದೆ. ಇಲ್ಲಿ ಅದಕ್ಕೆ ಓಡ್ಲಿಕ್ಕೆ ಜಾಗ ಇಲ್ಲ." ಅಕ್ಕ ಹೀಗೆ ಡಬ್ಬಿಯ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕರ್ಟನ್ಸ್ ಸೂಪರ್ ಆಗಿದೆ. ಎಲ್ ತಗೊಂಡ್ರಿ?"

ಕಿಟಕಿಗಳಿಗೆ ಸಾಸಿವೆ ಬಣ್ಣದ, ಕೆಂಪು ಅಂಚಿನ ಪರದೆಗಳಿದ್ದವು. ಅಕ್ಕನ ಅತ್ತೆ ಕೊಟ್ಟ ಸೀರೆ ಅದು. ಅದರ ಬಣ್ಣದ ಬಗ್ಗೆ ಅಕ್ಕ ಮದುವೆಯಾದಾಗಿನಿಂದ ದೂರುತ್ತಿದ್ದಳು. ಉಡಲಾಗದು, ಯಾರಿಗಾದರೂ ಕೊಡಲೂ ಆಗದು. ಕೊನೆಗೆ ಕತ್ತರಿಸಿ ಪರದೆ ಹೊಲಿದಿದ್ದಳು.

"ನಮ್ಮ ಅತ್ತೆ ಪ್ರೀತಿಯಿಂದ ಕೊಟ್ಟ ಸೀರೆ" ಎಂದಳು ಈಗ. ಭಾವ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು.

ಎರಡು ಗಂಟೆ ಕಳೆದಾಗ ಕಾವಲುಗಾರ ಬಂದ. ಗೋಳಿಬಜೆ ತಿಂದ. ಎರಡನೆಯದನ್ನು ಬಾಯಲ್ಲಿಟ್ಟುಕೊಂಡೇ ನಮ್ಮನ್ನು ಹೊರಗೆ ಕಳಿಸಿದ.

ಸೌತ್ ಕ್ಯಾರೊಲಿನಾ ದಾಟುವಾಗ

ಇಲ್ಲಿ ಹೆದ್ದಾರಿಯ ಬದಿಯಲ್ಲಿ ಒಂದು ನೀರಿನ ಟ್ಯಾಂಕು ಇದೆ. ಅದನ್ನು ಪೀಚ್ ಹಣ್ಣಿನ ಆಕಾರದಲ್ಲಿ ಕಟ್ಟಿದ್ದಾರೆ. ಒಂದು ಕಡೆಯಿಂದ ನೋಡಿದರೆ ಹಣ್ಣಿನ ಹಾಗೆಯೇ ಕಾಣುತ್ತದೆ. ಇನ್ನೊಂದು ಕಡೆಯಿಂದ ಹೇಗೆ ಕಾಣುತ್ತದೆಂಬುದನ್ನು ಕುಟುಂಬದ ಪತ್ರಿಕೆಯಲ್ಲಿ ದುಡಿದ ನಾನು ಬರೆಯಲಾರೆ. ನಿಧಿ ಆ ಕಡೆಯಿಂದಲೇ ನಾಲ್ಕು ಫೋಟೋ ತೆಗೆದಳು.

ದಾರಿಯುದ್ದಕ್ಕೂ ಕೈಬರಹದ ಹಲಗೆಗಳು: ಬೇಯಿಸಿದ ನೆಲಗಡಲೆ. ಉಪ್ಪುನೀರಿನಲ್ಲಿ ಸಿಪ್ಪೆ ಸಮೇತ ಬೇಯಿಸಿ, ಬಿಸಿಬಿಸಿಯಾಗಿ ಪೊಟ್ಟಣ ಕಟ್ಟಿ ಕೊಡುತ್ತಾರೆ. "ಇದನ್ನು ತಿನ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಕೇಳಿ ಅಕ್ಕ ಎರಡು ಪೊಟ್ಟಣ ಮುಗಿಸಿದಳು. ನಮ್ಮ ಡಬ್ಬಿಯನ್ನು ಕೊಳ್ಳುವವನದ್ದೂ ಇದೇ ವ್ಯಾಪಾರ. ಡಬ್ಬಿ ಅವನ ಹೊಸ ಅಂಗಡಿಯಾಗಲಿತ್ತು.

ಭಾವ ಆ ದಿನ ಎಲ್ಲರಿಗಿಂತ ನಿಧಾನ. ಲಾರಿಗಳು ಹಾರ್ನ್ ಹಾಕಿ ದಾಟಿದವು. ಒಂದು ಸ್ಕೂಲ್ ಬಸ್ಸು ದಾಟಿತು. "ಡ್ಯಾಡ್, ಒಬ್ಬ ಟ್ರ್ಯಾಕ್ಟರ್‌ನವನು ನಮ್ಮನ್ನ ಓವರ್‌ಟೇಕ್ ಮಾಡೋಕೆ ನೋಡ್ತಿದಾನೆ" ಎಂದಳು ನಿಧಿ.

"ಹೋಗ್ಲಿ ಬಿಡು. ಅಜ್ಜನ ರೋಲರ್ ಇದಕ್ಕಿಂತ ಮೆಲ್ಲ ಹೋಗ್ತಿತ್ತು. ನಾನು ಡಬ್ಬಿಯ ಬಾಗಿಲಲ್ಲಿ ಕೂತು ಕಾಲು ಇಳಿಬಿಡ್ತಿದ್ದೆ. ಬೇಸರ ಬಂದ್ರೆ ಇಳಿದು ನೇರಳೆ ಹಣ್ಣು ಕೊಯ್ದು, ತಿಂದು, ನಡ್ಕೊಂಡು ಬಂದು ಮನೆಗೆ ಹತ್ತುದು. ಬಾಕಿ ಮಕ್ಕಳು ರಜೆ ಮುಗ್ಸಿ ಮನೆಗೆ ಹೋಗ್ತಿದ್ರು. ನನಗೆ ಮನೆಯೇ ನನ್ನೊಟ್ಟಿಗೆ ಬರ್ತಿತ್ತು."

ನಿಧಿ ಕಿವಿಯಿಂದ ಹಾಡಿನ ಬಳ್ಳಿಯನ್ನು ತೆಗೆದಳು. "ಯೂ ನೆವರ್ ಟೋಲ್ಡ್ ಮಿ ದಟ್."

"ನೀನು ಕೇಳ್ಲಿಲ್ಲ."

ಅಕ್ಕ ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದಳು. ಆದರೆ ಮಡಿಲಿನ ಪೊಟ್ಟಣದಲ್ಲಿ ಕೈ ಆಡುತ್ತಲೇ ಇತ್ತು.

ಅಟ್ಲಾಂಟಾದ ಹೊರಗೆ

ಕೊಳ್ಳುವವನ ಹೆಸರು ಡೇಲ್. ಒಳ್ಳೆಯ ಮನುಷ್ಯ ಎಂಬುದು ದಾಖಲಾಗಲಿ. ಬಂದ ಕೂಡಲೇ ನಮಗೆಲ್ಲ ಸಕ್ಕರೆ ಪಾಕದಂಥ ತಣ್ಣನೆಯ ಚಹಾ ಕೊಟ್ಟ. ರಸ್ತೆ ಬದಿಯ ಅವನ ಶೆಡ್ಡಿನ ಮುಂದೆ, ಎರಡು ಕಂಬಗಳ ಮೇಲೆ ಅಂಗಡಿಯ ಹೆಸರಿನ ದೊಡ್ಡ ಹಲಗೆ. ಪಕ್ಕದಲ್ಲಿ ಡಬ್ಬಿಗೆಂದು ಜಲ್ಲಿ ಹಾಕಿ ಜಾಗ ಮಾಡಿದ್ದ. ಅವನ ಕಾಲ ಬಳಿ ಒಂದು ದಪ್ಪ ನಾಯಿ.

ಡೇಲ್ ಡಬ್ಬಿಯೊಳಗೆ ಹೋಗಿ ನೋಡಿದ. ಒಲೆ ಕೀಳಬೇಕು, ಹಾಸಿಗೆ ಕೀಳಬೇಕು, ಮೇಜು ಕೀಳಬೇಕು ಎಂದ. ಭಾವ ಒಂದೊಂದಕ್ಕೂ ತಲೆಯಾಡಿಸಿದರು. ಯಾವ ಸ್ಕ್ರೂ ಹೇಗೆ ಬಿಚ್ಚಬೇಕೆಂದೂ ಹೇಳಿಕೊಟ್ಟರು. ಆಮೇಲೆ ಡೇಲ್ ಪರದೆಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದ. ಬಟ್ಟೆ ಗಟ್ಟಿಯಾಗಿದೆ, ನಾಯಿಗೆ ಹಾಸಲು ಚೆನ್ನಾಗಿರುತ್ತದೆ ಎಂದ. ಅವನ ಮಟ್ಟಿಗೆ ಅದು ಹೊಗಳಿಕೆಯೇ.

ಅಕ್ಕ ನಾಯಿಯನ್ನು ನೋಡಿದಳು. ಪರದೆಯನ್ನು ನೋಡಿದಳು.

ಡಬ್ಬಿಯನ್ನು ಜಾಗಕ್ಕೆ ತಾನೇ ಹಾಕಿಕೊಳ್ಳುವುದಾಗಿ ಹೇಳಿ ಡೇಲ್ ಅದನ್ನು ತನ್ನ ಪಿಕಪ್ಪಿಗೆ ಸಿಕ್ಕಿಸಿದ. ಹಣದ ಮಾತು, ಕಾಗದಪತ್ರ, ಎಲ್ಲ ಆಮೇಲೆ ಎಂದಾಯಿತು. ನಾನು ಅಭ್ಯಾಸದಂತೆ ಹಿಂದೆ ಹೋಗಿ ನಿಂತೆ.

"ನೀನು ಬೇಡ. ನೀನು ಹಾಳು ಮಾಡ್ತಿ" ಎಂದು ಅಕ್ಕ ನನ್ನನ್ನು ಸರಿಸಿದಳು. "ನಾನು ಹೇಳ್ತೇನೆ."

ಅವಳು ತಗಡಿಗೆ ಎರಡು ಸಲ ಬಡಿದಳು. "ರೈಟ್!" ಎಂದಳು.

ನಾನು, ಭಾವ, ನಿಧಿ ಮೂವರೂ ಅವಳನ್ನು ನೋಡಿದೆವು.

"ರೈಟ್! ರೈಟ್! ರೈಟ್!"

ಡೇಲ್ ವಿಧೇಯನಾಗಿ ಬಲಕ್ಕೆ ತಿರುಗಿಸಿದ. ಡಬ್ಬಿ ಎಡಕ್ಕೆ, ಹಲಗೆಯ ಕಡೆಗೆ ನಡೆಯಿತು. ಅವನು ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಬಂದ. ಅಕ್ಕ ಮತ್ತೆ "ರೈಟ್" ಎಂದಳು. ಮೂರನೆಯ ಸಲ ಇನ್ನೂ ಪ್ರೀತಿಯಿಂದ ಹೇಳಿದಳು. ಕಂಬಕ್ಕೆ ಒಂದು ಮೊಳ ಇದ್ದಾಗ ಕೈ ಎತ್ತಿ ಕೂಗಿದಳು: "ಹೋಲ್ಡಾನ್! ಹೋಲ್ಡಾನ್!"

ಡೇಲ್ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಎಡಗಡೆಯ ಕಂಬ ಯಾವ ಅವಸರವೂ ಇಲ್ಲದೆ ಮಲಗಿತು. ಹಲಗೆಯ ಒಂದು ತುದಿ ನೆಲ ಮುಟ್ಟಿತು. ನಾಯಿ ಎದ್ದು ಹೋಗಿ ದೂರದಲ್ಲಿ ಮಲಗಿತು.

ಶೆಡ್ಡಿನಿಂದ ಡೇಲನ ಹೆಂಡತಿ ಹೊರಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಡಬ್ಬಿಯನ್ನು, ಜಲ್ಲಿಯನ್ನು, ಕಂಬವನ್ನು, ಕೊನೆಗೆ ಗಂಡನನ್ನು ನೋಡಿದಳು. ಇದು ಈ ಜಾಗದಲ್ಲಿ ಹಿಡಿಸುವುದಿಲ್ಲ ಎಂದು ತಾನು ಮೊದಲೇ ಹೇಳಿದ್ದೆ ಎಂದಳು. ಹೆಂಡಂದಿರು ಮೊದಲೇ ಹೇಳಿರುವ ಪದ್ಧತಿ ಆ ದೇಶದಲ್ಲೂ ಇದೆ. ಡೇಲ್ ಟೋಪಿ ತೆಗೆದು ತಲೆ ಕೆರೆದುಕೊಂಡು ಅಕ್ಕನ ಬಳಿ ಬಂದ. ಮಾತಿನಿಂದ ಹಿಂದೆ ಸರಿಯುತ್ತಿರುವುದಕ್ಕೆ ತನ್ನನ್ನು ಕ್ಷಮಿಸಬೇಕೆಂದು ಕೇಳಿದ. ಇಷ್ಟು ದೂರ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಒಂದು ಚೀಲ ಬೇಯಿಸಿದ ನೆಲಗಡಲೆ ಕೊಟ್ಟ.

"ಪರವಾಗಿಲ್ಲ" ಎಂದು ಅಕ್ಕ ಉದಾರವಾಗಿ ಇಂಗ್ಲಿಷಿನಲ್ಲಿ ಕ್ಷಮಿಸಿದಳು.

ಜೋಯ್ಸನ್ ಹೇಳಿದ್ದನ್ನೋ ಅಪ್ಪನ ರೋಲರನ್ನೋ ನೆನಪಿಸಿಕೊಳ್ಳುತ್ತಿರುವವರಂತೆ ಭಾವ ಕಂಬ ಎತ್ತಿ ಕೊಟ್ಟರು. ಡಬ್ಬಿಯ ಹಿಂಬದಿಯಲ್ಲಿ ಒಂದು ತಗ್ಗು ಬಿದ್ದಿತ್ತು, ಜೋಳದ ಮೇಜಿನ ತಗ್ಗಿನ ಪಕ್ಕದಲ್ಲೇ. ಅದನ್ನು ಹೆಬ್ಬೆರಳಿನಲ್ಲಿ ಸವರಿದರು. ನಮ್ಮ ಪಿಕಪ್ಪಿಗೆ ಡಬ್ಬಿಯನ್ನು ಸಿಕ್ಕಿಸುವಾಗ ಕೊಕ್ಕೆ ಮೂರನೆಯ ಸಲಕ್ಕೆ ಕೂತಿತು.

ನಾನು ಪುಸ್ತಕ ತೆಗೆದೆ. "ಅಕ್ಕ, ಒಂದು ಪ್ರಶ್ನೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಹೇಳಿಲ್ಲ ಅಂದಿದ್ದಿಯಲ್ಲ."

"ನಿನ್ನಿಂದ ಅಂಟಿದ್ದು."

"ಬರ್ಕೊಳ್ಲಾ?"

"ಬರ್ಕೋ. ಡರ್ಹಮ್‌ಗೆ ಎಷ್ಟು ಗಂಟೆ ದಾರಿ ಅಂತಲೂ ಬರ್ಕೋ. ಜೋಯ್ಸನ್‌ಗೆ ಫೋನು ಮಾಡು, ಹಿತ್ತಲಿಗೆ ಜಲ್ಲಿ ಹಾಕ್ಲಿಕ್ಕೆ ಹೇಳು."

ಭಾವ ಇದನ್ನು ಕೇಳಿಸಿಕೊಂಡು ಹೋಗಿ ಸ್ಟೀರಿಂಗಿನ ಮುಂದೆ ಕೂತರು. ನಾನು, ನಿಧಿ ಹತ್ತಿದೆವು. ಅಕ್ಕ ಹಿಂದೆ ನಿಂತು ದೀಪಗಳು ಉರಿಯುತ್ತಿವೆಯೇ ನೋಡಿದಳು. ಕಿಟಕಿಯ ಪರದೆ ಸರಿಯಿದೆಯೇ ಎಂದು ಇಣುಕಿದಳು. ಆಮೇಲೆ ತಗಡಿಗೆ ಎರಡು ಏಟು.

"ರೈಟ್!"

"ಡ್ಯಾಡ್, ಅದು ಬಲಕ್ಕಲ್ಲ. ಹೋಗ್ಲಿ ಅಂತ" ಎಂದಳು ನಿಧಿ.

ಭಾವನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಗಾಡಿ ಆಗಲೇ ಹೊರಟಿತ್ತು, ರೈಟ್ ಎಂದವಳನ್ನು ಅಲ್ಲೇ ಬಿಟ್ಟು. ಕನ್ನಡಿಯಲ್ಲಿ ಅಕ್ಕ ನೆಲಗಡಲೆ ಚೀಲ ಎತ್ತಿಕೊಂಡು ಓಡಿ ಬರುವುದು ಕಾಣಿಸಿತು.

"ಹೋಲ್ಡಾನ್! ರೀ, ಹೋಲ್ಡಾನ್!"

ಭಾವನ ಕಾಲು ತಟ್ಟನೆ ಬ್ರೇಕಿಗೆ ಹೋಯಿತು. ಶೆಡ್ಡಿನ ಮುಂದೆ ನಿಂತಿದ್ದ ಡೇಲ್ ಮಾತ್ರ, ಬೀಳದೆ ಉಳಿದಿದ್ದ ಇನ್ನೊಂದು ಕಂಬವನ್ನು ಎರಡೂ ಕೈಗಳಿಂದ ಹಿಡಿದುಕೊಂಡ.